ಸಿಗ್ವಿನ್ ಫೋಲ್ಡರ್ ಅನುಮತಿ: ನಾನು ಮಾಡಿ ನೋಡಿದ ಮೂರು ದಾರಿ

“ತಮಾ, ಚಾಲಿ ಬಿಲ್ಲು ಇವತ್ತೂ ತೆರೀತಿಲ್ಲೆ.” ಪಕ್ಕದ ಟೇಬಲ್ಲಿನ ಅಕ್ಕ ಹೀಗೆ ಕರೆದದ್ದು ಆ ವಾರದಲ್ಲಿ ಮೂರನೇ ಸಲ. ಶಿರಸಿಯಲ್ಲಿ ನಾವು ಅಡಿಕೆ ವ್ಯಾಪಾರದ ಲೆಕ್ಕ ನೋಡುತ್ತೇವೆ. ಬಿಲ್ಲು ತಯಾರಿಸುವ ಸ್ಕ್ರಿಪ್ಟ್ ನನ್ನದು, ವಿಂಡೋಸ್ ಮೇಲೆ ಲಿನಕ್ಸ್ ಮಾದರಿಯ ಆಜ್ಞೆಗಳನ್ನು ಓಡಿಸುವ ಸಿಗ್ವಿನ್‌ನಲ್ಲಿ ಓಡುತ್ತದೆ. ಚಾಲಿ, ರಾಶಿ, ಬೆಟ್ಟೆ ಅಂತ ಅಡಿಕೆಯ ಬಗೆಗೊಂದರಂತೆ ಡಿ ಡ್ರೈವಿನಲ್ಲಿ ಮೂರು ಫೋಲ್ಡರ್. ಅಕ್ಕನಿಗೆ ಅವುಗಳ ಮೇಲೆ ವಿಂಡೋಸ್‌ನಲ್ಲೇ ಹಕ್ಕು ಕೊಟ್ಟಾಗಿತ್ತು. ಆದರೂ ಹೊಸ ಫೈಲಿಗೆ ಆ ಹಕ್ಕು ಇಳಿಯುತ್ತಿರಲಿಲ್ಲ.

ಕಾರಣ ಎಂಕೆಟೆಂಪ್, ಸ್ಕ್ರಿಪ್ಟ್ ಬಿಲ್ಲನ್ನು ಮೊದಲು ಬರೆಯುವ ತಾತ್ಕಾಲಿಕ ಫೈಲನ್ನು ಹುಟ್ಟಿಸುವ ಆಜ್ಞೆ. ಅದು ಫೈಲನ್ನು 600 ಅನುಮತಿಯಲ್ಲೇ ಹುಟ್ಟಿಸುತ್ತದೆ, ಅಂದರೆ ಓದುವ, ಬರೆಯುವ ಹಕ್ಕು ಮಾಲೀಕನಿಗೆ ಮಾತ್ರ. ಸಿಗ್ವಿನ್ ಆ 600ನ್ನು ವಿಂಡೋಸ್ ಹಕ್ಕುಪಟ್ಟಿಯಾಗಿ ಡಿಸ್ಕಿನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆಯ ಮೇಲೆ ನಿಜವಾಗಿಯೇ ಬರೆಯುತ್ತದೆ. ಮೇಲಿನ ಫೋಲ್ಡರಿನ ಮಾತು ಅಲ್ಲಿ ನಡೆಯುವುದಿಲ್ಲ.

ಮೊದಲು ಹಕ್ಕುಪಟ್ಟಿ ತಿದ್ದುವ ಸಿಗ್ವಿನ್ ಆಜ್ಞೆ ಸೆಟ್‌ಎಫ್‌ಎಸಿಎಲ್ ಹಿಡಿದೆ. ಫೋಲ್ಡರಿಗೆ, ಹೊಸ ಫೈಲುಗಳಿಗೂ ಇಳಿಯುವ ಡಿಫಾಲ್ಟ್ ಸಾಲು ಹಾಕಿ, ಅಕ್ಕನ ಲಾಗಿನ್‌ಗೆ ಓದುವ ಹಕ್ಕು ಕೊಟ್ಟೆ. ತಾತ್ಕಾಲಿಕ ಫೈಲನ್ನೂ ಅದೇ ಫೋಲ್ಡರಿನಲ್ಲಿ ಹುಟ್ಟಿಸಿದೆ. ಹಕ್ಕುಪಟ್ಟಿ ತೋರಿಸುವ ಗೆಟ್‌ಎಫ್‌ಎಸಿಎಲ್‌ನಲ್ಲಿ ಅಕ್ಕನ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಕೆಳಗೆ, ಕೊಟ್ಟ ಹಕ್ಕಿನ ಮಿತಿ ಹೇಳುವ ಮಾಸ್ಕ್ ಎದುರು ಮಾತ್ರ ಮೂರು ಅಡ್ಡಗೆರೆ! ಎಂಕೆಟೆಂಪ್ ಕೇಳಿದ 600 ಆ ಮಾಸ್ಕನ್ನು ಖಾಲಿ ಮಾಡಿಬಿಟ್ಟಿತ್ತು. ಹಕ್ಕು ಇದೆ, ಆದರೆ ನಡೆಯುವುದಿಲ್ಲ. ಕೊನೆಗೆ ಆ ಮಾಸ್ಕಿಗೆ ಓದುವ ಹಕ್ಕು ಮರಳಿಸಲು, ಅನುಮತಿ ಬದಲಿಸುವ ಆಜ್ಞೆ ಚಿಮಾಡ್ 640 ಸೇರಿಸಿದ ಮೇಲೆ ಬಿಲ್ಲು ತೆರೆಯಿತು. ಕೆಲಸವೇನೋ ಆಗುತ್ತದೆ, ಆದರೆ ಪ್ರತಿ ಸ್ಕ್ರಿಪ್ಟಿನಲ್ಲೂ ಆ ಸಾಲು ನೆನಪಿಟ್ಟು ಬರೆಯಬೇಕು. ಜೊತೆಗೆ ಎಕ್ಸ್‌ಪ್ಲೋರರ್‌ನಲ್ಲಿ ಸೆಕ್ಯುರಿಟಿ ತೆರೆದರೆ ಅನುಮತಿಗಳ ಕ್ರಮ ಸರಿಯಿಲ್ಲ ಅಂತ ಎಚ್ಚರಿಕೆ ಬರುತ್ತದೆ. ಗಾಬರಿಯಾಗಿ ಅಲ್ಲಿ ಕ್ರಮ ಬದಲಿಸಿದರೆ ಸಿಗ್ವಿನ್ ಬರೆದ ಲೆಕ್ಕ ಕೆಡುತ್ತದೆ.

ಎರಡನೆಯದು ವಿಂಡೋಸ್‌ನದೇ ಆಜ್ಞೆ ಐಕ್ಯಾಕಲ್ಸ್. ಅದರ ರೀಸೆಟ್ ಸುಲಭ. ಫೈಲಿನ ಸ್ವಂತ ಹಕ್ಕು ತೆಗೆದು, ಮೇಲಿನಿಂದ ಬರುವುದನ್ನೇ ಮತ್ತೆ ಕೂರಿಸುತ್ತದೆ. ಸಂಜೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಓಡಿಸಿದೆ. ಆದರೆ ಬೆಳಿಗ್ಗೆ ಹತ್ತರ ಬಿಲ್ಲಿಗೆ ಅಕ್ಕ ಸಂಜೆವರೆಗೆ ಕಾಯಬೇಕು. ಅದು ನ್ಯಾಯವಲ್ಲ, ಅಲ್ವಾ?

ಈಗ ನಾನು ಇಟ್ಟುಕೊಂಡಿರುವುದು ಮೂರನೆಯದು, ನೋಎಸಿಎಲ್ ಅನ್ನುವ ಸಿಗ್ವಿನ್ ಆಯ್ಕೆ. ಯಾವ ಫೋಲ್ಡರನ್ನು ಹೇಗೆ ಜೋಡಿಸಬೇಕು (ಮೌಂಟ್) ಅಂತ ಸಿಗ್ವಿನ್‌ಗೆ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಆ ಹಂಚಿಕೆಯ ಫೋಲ್ಡರಿಗೆ ಮಾತ್ರ ಈ ಆಯ್ಕೆಯ ಬೇರೆ ಮೌಂಟ್ ಸಾಲು ಹಾಕಿ, ಸಿಗ್ವಿನ್ನಿನ ಎಲ್ಲ ಕಿಟಕಿ ಮುಚ್ಚಿ ತೆರೆದೆ. ಅಲ್ಲಿ ಸಿಗ್ವಿನ್ ಹಕ್ಕುಪಟ್ಟಿಗೆ ಕೈ ಹಾಕುವುದಿಲ್ಲ, ವಿಂಡೋಸ್ ತನ್ನ ಪಾಡಿಗೆ ಮೇಲಿನ ಹಕ್ಕು ಇಳಿಸುತ್ತದೆ. ಹಳೆಯ ಫೈಲುಗಳು ಇದರಿಂದ ತಾವಾಗಿ ಸರಿಯಾಗುವುದಿಲ್ಲ, ಅವಕ್ಕೆ ಐಕ್ಯಾಕಲ್ಸ್ ಒಮ್ಮೆ ಓಡಿಸಲೇಬೇಕು. ತಾತ್ಕಾಲಿಕ ಫೈಲೂ ಆ ಫೋಲ್ಡರಿನಲ್ಲೇ ಹುಟ್ಟಲಿ. ಅದೇ ಡ್ರೈವಿನ ಬೇರೆ ಜಾಗದಿಂದ ಸರಿಸಿದರೆ ಹಳೆಯ ಹಕ್ಕು ಜೊತೆಗೇ ಬರುತ್ತದೆ.

ಹೋಮ್ ಫೋಲ್ಡರಿಗೆ ಮಾತ್ರ ಇದನ್ನು ಹಾಕಬೇಡಿ. ನೋಎಸಿಎಲ್ ಇದ್ದಲ್ಲಿ ಚಿಮಾಡ್ 600 ಕೊಟ್ಟರೂ ಗುಟ್ಟಿನ ಕೀ ಫೈಲಿಗೆ ರಕ್ಷಣೆ ಸಿಗುವುದಿಲ್ಲ.

ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಕೂಡ ಎರಡು ದಿನ ನೋಡಿದೆ. ಮೆಟಾಡೇಟಾ ಆಯ್ಕೆ ಹಾಕಿದರೆ ಲಿನಕ್ಸ್ ಅನುಮತಿಯನ್ನು ಪಕ್ಕದಲ್ಲಿ ಬೇರೆಯೇ ಬರೆದಿಡುತ್ತದೆ, ಚೊಕ್ಕಟ ಕೆಲಸ. ಹೊಸದಾಗಿ ಶುರು ಮಾಡುವವರು ಅದನ್ನೇ ನೋಡಿ. ನನ್ನ ಹಳೆಯ ಸ್ಕ್ರಿಪ್ಟುಗಳೆಲ್ಲ ಸಿಗ್ವಿನ್ ನಂಬಿಕೊಂಡಿವೆ, ಹಾಗಾಗಿ ನಾನು ಇಲ್ಲೇ ಉಳಿದೆ. ಮೌಂಟ್ ಬದಲಿಸಿದ ಮರುದಿನ ಅಕ್ಕ ರಾಶಿ, ಬೆಟ್ಟೆ ಬಿಲ್ಲುಗಳನ್ನೂ ಮಧ್ಯಾಹ್ನದೊಳಗೆ ಮುಗಿಸಿ ಮನೆಗೆ ಹೊರಟರು.