ಕಾರಣ ಕಾಣದ ದೃಷ್ಟಿನಷ್ಟ: ಕನ್ನಡಿ, ಡ್ರಮ್, ಪ್ಲಸ್ ಗಾಜು, ವಿಇಪಿ

ಮಂಡ್ಯದ ನಮ್ಮ ಪುಟ್ಟ ಕಣ್ಣಿನ ಕ್ಲಿನಿಕ್ಕಿಗೆ, ಅದರಲ್ಲೂ ಶಾಲೆಯ ಪರೀಕ್ಷೆಗಳು ಹತ್ತಿರವಾದಾಗ, ಅಕ್ಷಿಪಟಲ (ರೆಟಿನಾ), ದೃಷ್ಟಿನರ, ಪಾಪೆಯ ಪ್ರತಿಕ್ರಿಯೆ ಎಲ್ಲವೂ ಸರಿಯಿದ್ದೂ ಬೋರ್ಡು ಕಾಣುವುದಿಲ್ಲವೆನ್ನುವ ಮಕ್ಕಳು ಬರುತ್ತಾರೆ. ಅಂಥವರಿಗೆ ನಿಜವಾಗಿ ಎಷ್ಟು ಕಾಣುತ್ತದೆಯೆಂದು ತಿಳಿಯಲು ಆಪ್ಟೋಮೆಟ್ರಿಸ್ಟ್ ಆಗಿ ನಾನು ಬಳಸಿ ನೋಡಿದ ವಿಧಾನಗಳನ್ನು ಇಲ್ಲಿ ಹೋಲಿಸಿದ್ದೇನೆ. ಮಗುವಿನ ಸುಳ್ಳನ್ನು ಹಿಡಿಯುವುದು ಇವುಗಳ ಉದ್ದೇಶವಲ್ಲ. ಎಷ್ಟೋ ಮಕ್ಕಳಿಗೆ ಕಾಣದಿರುವ ಅನುಭವ ನಿಜವೇ ಆಗಿರುತ್ತದೆ.

ಏನೇನೂ ಕಾಣದು ಎನ್ನುವವರಿಗೆ ಮೊದಲು ಕನ್ನಡಿ. ಮುಖದ ಮುಂದೆ ದೊಡ್ಡ ಕನ್ನಡಿಯನ್ನು ಹಿಡಿದು ನಿಧಾನವಾಗಿ ವಾಲಿಸಿದರೆ, ಚಲಿಸುವ ತನ್ನದೇ ಬಿಂಬವನ್ನು ಹಿಂಬಾಲಿಸದಿರುವುದು ಕಣ್ಣಿಗೆ ಬಹಳ ಕಷ್ಟ. ಕಪ್ಪು-ಬಿಳಿ ಪಟ್ಟಿಗಳ ಓಕೆಎನ್ (ಚಲಿಸುವ ದೃಶ್ಯಕ್ಕೆ ಕಣ್ಣು ತಾನಾಗಿ ಅಲುಗುವ ಪ್ರತಿಕ್ರಿಯೆ) ಡ್ರಮ್ ತಿರುಗಿಸಿದಾಗಲೂ ಕಣ್ಣು ಪಟ್ಟಿಯ ಜೊತೆ ಸರಿದು ಸರಕ್ಕನೆ ಹಿಂದಿರುಗುತ್ತದೆ. ಆದರೆ ಡ್ರಮ್ಮಿನಾಚೆಗೆ ದಿಟ್ಟಿಸಿದರೆ ಅದನ್ನು ತಡೆಯಬಹುದು. ಹಾಗಾಗಿ ನಮ್ಮಲ್ಲಿ ಡ್ರಮ್ಮಿಗಿಂತ, ಗೋಡೆಯಿಂದ ಬಿಚ್ಚಿ ತಂದ ಹಳೆಯ ಕನ್ನಡಿಗೇ ಕೆಲಸ ಹೆಚ್ಚು. ಎರಡೂ ಒಂದಿಷ್ಟು ಕಾಣುತ್ತದೆಯೆಂದು ತೋರಿಸುತ್ತವೆಯೇ ಹೊರತು, 6/60 (ಸಹಜ ಕಣ್ಣಿಗೆ 60 ಮೀಟರಿನಿಂದ ಕಾಣುವುದು 6 ಮೀಟರಿನಿಂದಷ್ಟೇ ಕಾಣುತ್ತದೆ) ಎನ್ನುವ ಮಗುವಿಗೆ ಸಹಜವಾದ 6/6 ಇದೆಯೇ ಎಂಬುದಕ್ಕೆ ಉತ್ತರ ಕೊಡವು.

ಆ ಉತ್ತರ ಕೊಡುವುದು ಪ್ಲಸ್ ಗಾಜು. ಬಲಗಣ್ಣಿನಲ್ಲಿ ಮೇಲಿನ ದೊಡ್ಡ ಅಕ್ಷರವನ್ನಷ್ಟೇ ಓದುತ್ತಿದ್ದ ಹುಡುಗಿಯೊಬ್ಬಳಿಗೆ ಗಾಜುಗಳನ್ನು ಬದಲಿಸಬಹುದಾದ ಟ್ರಯಲ್ ಫ್ರೇಮ್ ತೊಡಿಸಿ, ಎರಡು ಕಣ್ಣನ್ನೂ ತೆರೆದಿರುವಂತೆ ಹೇಳಿ, ಚೆನ್ನಾಗಿ ಕಾಣುವ ಎಡಗಣ್ಣಿನ ಮುಂದೆ, ದೂರದ್ದನ್ನು ಮಂಜಾಗಿಸುವ ಪ್ಲಸ್ ಗಾಜುಗಳನ್ನು ಏರಿಸುತ್ತಾ ಹೋದೆ. ಪ್ಲಸ್ 5ಕ್ಕೆ ಬಂದಾಗ ಆ ಕಣ್ಣಿಗೆ ದೂರದ ಸಾಲುಗಳು ಪೂರ್ತಿ ಮಂಜಾಗಿದ್ದವು. “ಈಗ ಓದು ಮಗಾ” ಎಂದರೆ, ಕಾಣದ ಬಲಗಣ್ಣಿನಲ್ಲೇ 6/9ರ ಸಾಲನ್ನು ತಡವರಿಸದೆ ಓದಿದಳು. ಅವಳು ನಡುವೆ ಒಂದು ಕಣ್ಣು ಮುಚ್ಚಿದ್ದರೆ ಗುಟ್ಟು ಬಯಲಾಗುತ್ತಿತ್ತು. ಅದಕ್ಕಾಗಿ ನಾನು ಚಾರ್ಟನ್ನಲ್ಲ, ಅವಳ ರೆಪ್ಪೆಗಳನ್ನೇ ನೋಡುತ್ತಿದ್ದೆ. “ಈ ಗಾಜಿನಲ್ಲಿ ಚೆನ್ನಾಗಿ ಕಾಣ್ತದಲ್ಲ ಸಾರ್” ಎಂದು ಅವಳ ತಾಯಿ ಸಂತೋಷಪಟ್ಟರು. ನಾನು ತಿದ್ದಲಿಲ್ಲ, ಏಕೆಂದರೆ ಮಗುವಿನ ಮಾನ ಉಳಿಯುವುದು ಈ ವಿಧಾನದ ದೊಡ್ಡ ಗುಣ. ಎರಡೂ ಕಣ್ಣು ಕಾಣದೆನ್ನುವವರಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಅವರಿಗೆ, ಎರಡೂ ಕಣ್ಣು ಸೇರಿ ಆಳವನ್ನು ಎಷ್ಟು ಗುರುತಿಸುತ್ತವೆಂದು ಅಳೆಯುವ ಟೈಟ್ಮಸ್ ಪುಸ್ತಕ ಒದಗುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು, ಮೇಲೆದ್ದಂತೆ ತೋರುವ ವೃತ್ತವನ್ನು ಗುರುತಿಸುತ್ತಾ, ಅತಿ ಸೂಕ್ಷ್ಮ ಕೋನವಾದ 40 ಸೆಕೆಂಡ್ ಆರ್ಕ್‌ನ ಒಂಬತ್ತನೆಯದನ್ನು ಮುಟ್ಟಿದರೆ ಎರಡೂ ಕಣ್ಣುಗಳ ದೃಷ್ಟಿ ಹೆಚ್ಚುಕಡಿಮೆ ಸಹಜವೇ. ಪರದೆಯ ಚಿತ್ರ ನೋಡುವಾಗ ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯನ್ನು ದಾಖಲಿಸುವ ವಿಇಪಿಗಾದರೆ ಮೈಸೂರಿಗೆ ಕಳುಹಿಸಬೇಕು, ತಂದೆಯ ಒಂದು ದಿನದ ಕೂಲಿಯೂ ಹೋಗುತ್ತದೆ. ಸುಮಾರು 100 ಮಿಲಿಸೆಕೆಂಡಿಗೆ ಏಳುವ ಅಲೆ ಸರಿಯಾಗಿದ್ದರೆ ಧೈರ್ಯ ಬರುತ್ತದೆ. ಆದರೆ ಪರದೆಯ ಮೇಲೆ ನೋಟ ನಿಲ್ಲಿಸದೆ ಮಗು ಆ ಅಲೆಯನ್ನು ಕೆಡಿಸಬಹುದು. ಯಂತ್ರವೆಂದ ಮಾತ್ರಕ್ಕೆ ಅದು ಕೊನೆಯ ಮಾತಲ್ಲ.

ಈ ಯಾವ ಪರೀಕ್ಷೆಯಲ್ಲೂ ಪಾಸಾದರೆ ಅರ್ಥವಿದೆ, ಫೇಲಾದರೆ ಏನೂ ಸಾಬೀತಾಗದು. ಎರಡೂ ಕಣ್ಣಿನಲ್ಲಿ 6/36 ಎನ್ನುತ್ತಿದ್ದ ಹುಡುಗನೊಬ್ಬ ಟೈಟ್ಮಸ್‌ನ ನಾಲ್ಕನೇ ವೃತ್ತ ದಾಟಲಿಲ್ಲ. ಅಕ್ಷಿಪಟಲ ಸಹಜವಾಗಿಯೇ ತೋರಿತ್ತು. ‘ಸಹಕಾರ ಸಾಲದು’ ಎಂದು ನಾನು ಚೀಟಿಯಲ್ಲಿ ಬರೆದೆ. ಕೆಲವು ತಿಂಗಳ ನಂತರ ಮಾಡಿಸಿದ ಓಸಿಟಿಯಲ್ಲಿ (ಅಕ್ಷಿಪಟಲದ ಪದರಗಳನ್ನು ತೋರಿಸುವ ಬೆಳಕಿನ ಸ್ಕ್ಯಾನ್) ಅಕ್ಷಿಪಟಲ ನಟ್ಟನಡುವೆ ತೆಳುವಾಗಿರುವುದು ಕಂಡಿತು: ಅಕ್ಷಿಪಟಲದ ನಡುಭಾಗವನ್ನು ಕೆಡಿಸುವ, ಆರಂಭದಲ್ಲಿ ಮಾಮೂಲಿ ತಪಾಸಣೆಗೆ ಏನೂ ತೋರಿಸದಿರಬಹುದಾದ ಆನುವಂಶಿಕ ಸ್ಟಾರ್‌ಗಾರ್ಟ್ ಕಾಯಿಲೆ. ಹುಡುಗ ಮೊದಲ ದಿನವೇ ಸರಿಯಾದ ಉತ್ತರ ಕೊಟ್ಟಿದ್ದ.