ಹಿಂದಿನ ಸೀಟು ಎತ್ತಿ ನೋಡದೆ ಒಟಿಪಿ ಹೇಳಬೇಡಿ

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆಯ ಕಾರಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ದೋಷವಿದೆ ಎಂದು ಕಂಪನಿಯೇ ಒಪ್ಪಿಕೊಂಡು ವಾಪಸ್ ಕರೆದ ಕಾರು ನನ್ನದು. ರೀಕಾಲ್ ಆದ ಕಾರು. ಉಚಿತವಾಗಿ ಬದಲಿಸಿಕೊಡಬೇಕಾದ ಒಂದು ಫ್ಯುಯೆಲ್ ಪಂಪ್‌ಗಾಗಿ, ಅಂದರೆ ಟ್ಯಾಂಕ್‌ನಿಂದ ಎಂಜಿನ್‌ಗೆ ಪೆಟ್ರೋಲ್ ಕಳುಹಿಸುವ ಪಂಪ್‌ಗಾಗಿ, ನಾಲ್ಕೂವರೆ ತಿಂಗಳು ಕಾಯಿಸಿದರು. ಕೊನೆಗೆ ಪಂಪ್ ಹಾಕದೆಯೇ ಹಾಕಿದ್ದೇವೆ ಎಂದು ಬರೆದುಕೊಂಡರು. ಆ ಸುಳ್ಳಿಗೆ ಮುದ್ರೆ ಬಿದ್ದದ್ದು ನನ್ನ ಮೊಬೈಲ್‌ಗೆ ಬಂದ ಒಟಿಪಿಯಿಂದ. ಅದನ್ನು ಬಾಯಿಬಿಟ್ಟು ಹೇಳಿದವನು ನಾನೇ. ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅದೇ ವರ್ಷದ ಅದೇ ಕಾರುಗಳು ನಮ್ಮ ಊರಿನಲ್ಲೇ ನನ್ನ ಕಣ್ಣಿಗೆ ಬಿದ್ದಂತೆ ಏಳೆಂಟು ಓಡಾಡುತ್ತಿವೆ.

ಕಾರು 2019ರದು. 2022ರಲ್ಲಿ ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ನೌಕರರೊಬ್ಬರಿಂದ 4 ಲಕ್ಷ 60 ಸಾವಿರ ರೂಪಾಯಿಗೆ ಕೊಂಡೆ. ಆರ್‌ಸಿ ನನ್ನ ಹೆಸರಿಗೆ ವರ್ಗವಾಗಿದೆ, ವಿಮೆ ನನ್ನ ಹೆಸರಿನಲ್ಲಿದೆ. ಪ್ರತಿ ವರ್ಷ ಬಳ್ಳಾರಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲೇ ಸರ್ವಿಸ್ ಮಾಡಿಸಿದ್ದೇನೆ. ಮೂರು ಸಲ ಹೋಗಿದ್ದೇನೆ, ಮೂರು ಸಲವೂ ಗಾಡಿಯ ನಂಬರ್ ಕಂಪ್ಯೂಟರ್‌ಗೆ ಹಾಕಿಯೇ ಜಾಬ್ ಕಾರ್ಡ್ (ಗಾಡಿಯ ಕೆಲಸ ಬರೆಯುವ ಚೀಟಿ) ತೆಗೆದಿದ್ದಾರೆ. ವೀಲ್ ಅಲೈನ್‌ಮೆಂಟ್ ಮಾಡಿಸಿ ಎಂದರು, ಎಸಿ ಕ್ಲೀನಿಂಗ್ ಮಾಡಿಸಿ ಎಂದರು, ವೈಪರ್ ಬದಲಿಸಿ ಎಂದರು. ನಿಮ್ಮ ಗಾಡಿ ರೀಕಾಲ್ ಪಟ್ಟಿಯಲ್ಲಿದೆ ಎಂದು ಒಬ್ಬನೂ ಹೇಳಲಿಲ್ಲ. ವೈಪರ್ ಮಾರಲು ನೆನಪಿತ್ತು, ಪಂಪ್ ನೆನಪಾಗಲಿಲ್ಲ.

ಮೊದಲ ಸಲ ಗಾಡಿ ನಿಂತದ್ದು ಫೆಬ್ರುವರಿಯಲ್ಲಿ, ಎಪಿಎಂಸಿ ಗೇಟಿನ ಹತ್ತಿರ. ನಮ್ಮ ಮಿಸ್ತ್ರಿ ನೋಡಿ, "ಪೆಟ್ರೋಲ್‌ನಲ್ಲಿ ಕಸ ಇರಬೇಕು ಅಣ್ಣಾ" ಎಂದ. ಹತ್ತು ನಿಮಿಷ ಬಿಟ್ಟರೆ ತಾನೇ ಸ್ಟಾರ್ಟ್ ಆಯಿತು. ನಾನೂ ಮರೆತೆ.

ಎರಡನೆಯದನ್ನು ಮರೆಯಲಾಗುವುದಿಲ್ಲ. ಏಪ್ರಿಲ್‌ನಲ್ಲಿ ಸಿಂಧನೂರಿನಲ್ಲಿ ಮದುವೆ ಮುಗಿಸಿಕೊಂಡು ರಾತ್ರಿ ಬರುತ್ತಿದ್ದೆವು. ಬೇಸಿಗೆ ಬೆಳೆಯ ಕೊಯ್ಲಿನ ಕಾಲ, ರಸ್ತೆಯ ತುಂಬ ಭತ್ತದ ಲಾರಿಗಳು. ಕಾರಟಗಿ ದಾಟಿ ಸಿದ್ದಾಪುರದ ಹತ್ತಿರ ಬಂದಾಗ ಗಾಡಿ ಎರಡು ಸಲ ಬಿಕ್ಕಿತು, ಮೂರನೆಯ ಸಲ ಎಂಜಿನ್ ಆರಿಹೋಯಿತು. ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ನೆರವೂ ನಿಲ್ಲುತ್ತದೆ. ಎರಡು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಿನಂತಾಯಿತು. ಕನ್ನಡಿಯಲ್ಲಿ ಲಾರಿಯ ದೀಪ ದೊಡ್ಡದಾಗುತ್ತಾ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ಮಲಗಿದ್ದಳು. ಲಾರಿಯ ಚಾಲಕ ಬಲಕ್ಕೆ ಎಳೆದುಕೊಂಡು ಹೋದ. ಅವನು ಎಳೆದುಕೊಂಡದ್ದರಿಂದ ನಾವು ಉಳಿದೆವು, ಅಷ್ಟೇ. ಗಾಡಿಯನ್ನು ಅಂಚಿಗೆ ತಳ್ಳಿದ ಮೇಲೂ ನನ್ನ ಹೆಂಡತಿ ಅರ್ಧ ಗಂಟೆ ಮಾತನಾಡಲಿಲ್ಲ.

ಮರುದಿನ ಹುಬ್ಬಳ್ಳಿಯ ಹಳೆಯ ಮಾಲೀಕರಿಗೆ ಕರೆ ಮಾಡಿ, ಹಿಂದೆ ಹೀಗೆ ಆಗಿತ್ತೇ ಎಂದು ಕೇಳಿದೆ. ಅವರು ಪಾಪ, ಒಳ್ಳೆಯವರು. "ಇಲ್ಲ, ಆದರೆ ಕಂಪನಿಯಿಂದ ಒಂದು ಪತ್ರ ಬಂದಿತ್ತು. ಗಾಡಿ ಮಾರಿಬಿಟ್ಟೆವಲ್ಲ ಎಂದು ಎತ್ತಿಟ್ಟೆ" ಎಂದರು. ವಾಟ್ಸ್ಆ್ಯಪ್‌ನಲ್ಲಿ ಅದರ ಫೋಟೊ ಕಳುಹಿಸಿದರು. ದಿನಾಂಕ ನೋಡಿದರೆ ಒಂದೂವರೆ ವರ್ಷ ಹಳೆಯದು. ಗಾಡಿ ನನ್ನ ಹೆಸರಿನಲ್ಲಿ, ಪತ್ರ ಅವರ ಮನೆಗೆ. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ಗಮನಿಸಿ. ನಿಮ್ಮ ಮನೆಗೆ ಪತ್ರ ಬಂದಿಲ್ಲವೆಂದರೆ ನಿಮ್ಮ ಗಾಡಿ ಸರಿಯಿದೆ ಎಂದಲ್ಲ.

ಆರ್‌ಸಿಯಲ್ಲಿರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿದೆ. ಹೌದು, ಪಟ್ಟಿಯಲ್ಲಿ ಇದೆ. ದೋಷ ಏನೆಂದರೆ, ಪೆಟ್ರೋಲ್ ಟ್ಯಾಂಕ್ ಒಳಗಿರುವ ಪಂಪ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ಚಕ್ರವೊಂದಿದೆ. ಅದು ಪೆಟ್ರೋಲ್ ಹೀರಿ ಉಬ್ಬುತ್ತದೆ, ಗೋಡೆಗೆ ಉಜ್ಜುತ್ತದೆ, ಒಮ್ಮೆ ಸಿಕ್ಕಿಹಾಕಿಕೊಂಡರೆ ಎಂಜಿನ್‌ಗೆ ಪೆಟ್ರೋಲ್ ಹೋಗುವುದಿಲ್ಲ. ಓಡುವಾಗಲೇ ನಿಲ್ಲುತ್ತದೆ. ನಮಗೆ ಆದದ್ದು ಅಕ್ಷರಶಃ ಅದೇ.

ಬಳ್ಳಾರಿಗೆ ಕರೆ ಮಾಡಿದೆ. "ಪಾರ್ಟ್ ಸ್ಟಾಕ್ ಇಲ್ಲ ಸರ್. ಬಂದ ಕೂಡಲೇ ನಾವೇ ಕರೆ ಮಾಡುತ್ತೇವೆ." ಯಾವಾಗ ಬರುತ್ತದೆ? "ಆರ್ಡರ್ ಹಾಕಿದ್ದೇವೆ ಸರ್." ಮೇ ತಿಂಗಳಲ್ಲಿ ಕೇಳಿದೆ, ಆರ್ಡರ್ ಹಾಕಿದ್ದೇವೆ. ಜೂನ್‌ನಲ್ಲಿ ಕೇಳಿದೆ, ಆರ್ಡರ್ ಹಾಕಿದ್ದೇವೆ. ಅಲ್ಲಿಯವರೆಗೆ ಗಾಡಿ ಓಡಿಸಬಹುದೇ ಎಂದು ಕೇಳಿದರೆ, "ಈಗ ಓಡುತ್ತಿದೆಯಲ್ಲ ಸರ್?" ಎಂದ. ಓಡುತ್ತಿದೆಯಲ್ಲ! ಓಡುತ್ತಿರುವಾಗ ನಿಲ್ಲುವುದೇ ಅದರ ರೋಗ. ಬದಲಿ ಗಾಡಿ ಕೊಡುತ್ತೀರಾ ಎಂದೆ. "ಆ ಸೌಲಭ್ಯ ನಮ್ಮಲ್ಲಿ ಇಲ್ಲ ಸರ್. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಿ." ಬರೆದು ಕೊಡಿ ಎಂದೆ. ಫೋನ್ ಇಟ್ಟ.

ಆಗಸ್ಟ್ ಕೊನೆಯ ವಾರ ಅವರೇ ಕರೆ ಮಾಡಿದರು. ಪಾರ್ಟ್ ಬಂದಿದೆ, ನಾಳೆಯೇ ತನ್ನಿ, ತಡವಾದರೆ ಬೇರೆಯವರಿಗೆ ಹೋಗುತ್ತದೆ. ಆಗ ತುಂಗಭದ್ರಾ ಅಣೆಕಟ್ಟೆಯಿಂದ ನದಿಗೆ ನೀರು ಬಿಟ್ಟಿದ್ದರು, ಕಂಪ್ಲಿ ಸೇತುವೆ ಬಂದ್ ಆಗಿತ್ತು. ಯಾವಾಗ ನಿಲ್ಲುತ್ತದೋ ಗೊತ್ತಿಲ್ಲದ ಗಾಡಿಯನ್ನು ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಮೇಲೆ ಸುತ್ತು ಹಾಕಿಸಿಕೊಂಡು, ಅಂಗಡಿ ಮುಚ್ಚಿ, ಬೆಳಿಗ್ಗೆ ಹತ್ತಕ್ಕೆ ಬಳ್ಳಾರಿಯಲ್ಲಿದ್ದೆ. ಅಲ್ಲಿ ಹೇಳಿದ ಮೊದಲ ಮಾತೇ, "ಸರ್ವಿಸ್ ಡ್ಯೂ ಇದೆ ಸರ್, ಅದನ್ನೂ ಮಾಡಿಸಿದರೆ ಎರಡೂ ಒಟ್ಟಿಗೆ ಆಗುತ್ತದೆ." ಇಲ್ಲ ಎಂದರೆ ಪಂಪ್ ಕೆಲಸ ಎಲ್ಲಿ ಮುಂದೆ ಹೋಗುತ್ತದೋ ಎಂದು ಹೂಂ ಎಂದೆ. 6,840 ರೂಪಾಯಿ.

ಸಂಜೆ ಐದೂವರೆ. ಹೊರಗೆ ಮಳೆ. ಬಿಲ್ ಕಟ್ಟಿಯಾಗಿತ್ತು, ಕೀ ಸರ್ವಿಸ್ ಸೆಂಟರ್‌ನ ಹುಡುಗನ ಕೈಯಲ್ಲಿತ್ತು. "ಪಂಪ್ ಹಾಕಿದಿರಾ?" ಎಂದೆ. "ಎಲ್ಲಾ ಆಗಿದೆ ಸರ್. ಒಂದು ಒಟಿಪಿ ಬಂದಿರುತ್ತದೆ ನೋಡಿ, ಗೇಟ್ ಪಾಸ್‌ಗೆ ಬೇಕು." ಮೊಬೈಲ್ ತೆಗೆದೆ. ಸಂದೇಶ ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಇತ್ತು. ನಾನು ಅಂಕಿಗಳನ್ನು ಮಾತ್ರ ನೋಡಿದೆ. ನಾಲ್ಕು ಅಂಕಿ. ಜೋರಾಗಿ ಓದಿದೆ. ಅವನು ಒತ್ತಿದ, ನಕ್ಕ, ಕೀ ಕೊಟ್ಟ.

ಆ ನಾಲ್ಕು ಅಂಕಿಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ದಲಾಲಿ ಅಂಗಡಿ ಇಟ್ಟವನು. ಬರೀ ಕಾಗದಕ್ಕೆ ಸಹಿ ಹಾಕಬೇಡಿ, ತೂಕದ ಚೀಟಿ ಇಲ್ಲದೆ ಒಂದು ಚೀಲವನ್ನೂ ಕೊಡಬೇಡಿ ಎಂದು ರೈತರಿಗೆ ದಿನವೂ ಹೇಳುವವನು. ಬ್ಯಾಂಕಿನವರು ಎಂದು ಯಾರಾದರೂ ಒಟಿಪಿ ಕೇಳಿದರೆ ಬೈದು ಫೋನ್ ಇಡುವವನು. ಎಸಿ ಹಾಕಿದ ಕೋಣೆಯಲ್ಲಿ, ಟೈ ಕಟ್ಟಿದ ಹುಡುಗ ಸರ್ ಎಂದು ಕೇಳಿದ ಕೂಡಲೇ ಹೇಳಿಬಿಟ್ಟೆ.

ಹನ್ನೊಂದು ದಿನ ಗಾಡಿ ಚೆನ್ನಾಗಿ ಓಡಿತು. ಹನ್ನೆರಡನೆಯ ದಿನ ಕೊಪ್ಪಳ ರಸ್ತೆಯಲ್ಲಿ ಅದೇ ಬಿಕ್ಕಳಿಕೆ, ಅದೇ ಸಾವು. ಹಗಲಾಗಿತ್ತು, ಒಬ್ಬನೇ ಇದ್ದೆ.

ಮಿಸ್ತ್ರಿ ಮನೆಗೇ ಬಂದ. "ಅಣ್ಣಾ, ಈ ಗಾಡಿಯಲ್ಲಿ ಪಂಪ್ ತೆಗೆಯಬೇಕೆಂದರೆ ಹಿಂದಿನ ಸೀಟು ಎತ್ತಲೇಬೇಕು. ಬೇರೆ ದಾರಿ ಇಲ್ಲ" ಎಂದ. ಎತ್ತಿದೆವು. ಸೀಟಿನ ಕೆಳಗೆ ದುಂಡನೆಯ ಕರಿ ಮುಚ್ಚಳ, ನಾಲ್ಕು ಸ್ಕ್ರೂ. ಅದರ ಮೇಲೆ ಬೆರಳಿನ ಉಗುರಿನಷ್ಟು ದಪ್ಪ ಧೂಳು, ಧೂಳಿನಲ್ಲಿ ಭತ್ತದ ಹೊಟ್ಟು. ಸ್ಯಾಂಪಲ್ ಚೀಲಗಳನ್ನು ನಾನು ಹಿಂದಿನ ಸೀಟಿನಲ್ಲೇ ತರುತ್ತೇನೆ, ಅದು ಮೂರು ವರ್ಷದ ಹೊಟ್ಟು. ಮುಚ್ಚಳದ ಸರಿ ನಡುವೆ ನನ್ನ ಮಗಳ ಕೆಂಪು ಹೇರ್ ಕ್ಲಿಪ್. ಅವಳು ಅದಕ್ಕಾಗಿ ಅತ್ತಿದ್ದು ಕಳೆದ ವರ್ಷ ದಸರೆಯ ಹೊತ್ತಿಗೆ. ಕ್ಲಿಪ್ ಎತ್ತಿದೆ. ಧೂಳಿನಲ್ಲಿ ಅದರ ಆಕಾರ ಅಚ್ಚು ಒತ್ತಿದಂತೆ ಉಳಿಯಿತು. ಸ್ಕ್ರೂಗಳ ತಲೆಯ ಗೀರಿನಲ್ಲಿ ತುಕ್ಕು, ಸ್ಕ್ರೂಡ್ರೈವರ್ ತಾಗಿದ ಒಂದು ಗುರುತೂ ಇಲ್ಲ. ಆ ಮುಚ್ಚಳವನ್ನು ಯಾರೂ ಮುಟ್ಟಿರಲಿಲ್ಲ. ಮಿಸ್ತ್ರಿ ಏನೂ ಮಾತನಾಡಲಿಲ್ಲ, ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪುಣ್ಯಕ್ಕೆ ಒರೆಸುವ ಮೊದಲು ವಿಡಿಯೊ ಮಾಡಿಕೊಂಡೆವು.

ಸರ್ವಿಸ್ ಸೆಂಟರ್‌ಗೆ ಹೋದೆ. "ಸಿಸ್ಟಮ್‌ನಲ್ಲಿ ಆಗಿದೆ ಎಂದು ತೋರಿಸುತ್ತಿದೆ ಸರ್." ಹಾಗಾದರೆ ತೆಗೆದ ಹಳೆಯ ಪಂಪ್ ತೋರಿಸಿ. "ಹಳೆಯದು ಕಂಪನಿಗೆ ವಾಪಸ್ ಹೋಗುತ್ತದೆ ಸರ್." ಹೊಸದರ ನಂಬರ್ ಕೊಡಿ. "ಅದು ಗ್ರಾಹಕರಿಗೆ ಕೊಡುವುದಿಲ್ಲ ಸರ್." ವಿಡಿಯೊ ತೋರಿಸಿದೆ. "ಇದು ನಿಮ್ಮದೇ ಗಾಡಿ ಎಂದು ಹೇಗೆ ಹೇಳುವುದು ಸರ್?" ಎಂದ. ಗಾಡಿ ಹೊರಗೆ ನಿಂತಿದೆ, ಬಾ, ಸೀಟು ಎತ್ತು ಎಂದೆ. ಅವನು ಬರಲಿಲ್ಲ. ಒಳಗಿನಿಂದ ಮ್ಯಾನೇಜರ್ ಬಂದರು, ನೀರು ಕೊಟ್ಟರು, "ಯಾರೋ ಹೊಸ ಹುಡುಗ ತಪ್ಪಾಗಿ ಎಂಟ್ರಿ ಮಾಡಿರಬಹುದು. ಸ್ವಲ್ಪ ತಾಳ್ಮೆಯಿಂದಿರಿ" ಎಂದರು. ತಪ್ಪಾದ ಎಂಟ್ರಿಯನ್ನು ತೆಗೆಸಿ ಎಂದೆ. "ಒಂದು ಸಲ ಕ್ಲೋಸ್ ಆದ ಮೇಲೆ ನಮ್ಮ ಕೈಯಲ್ಲಿಲ್ಲ." ಒಂದು ಚಾಸಿಸ್ ನಂಬರ್‌ಗೆ ಒಂದೇ ಪಂಪ್ ಅಂತೆ. ಹಾಗಾದರೆ ನನ್ನ ನಂಬರ್‌ಗೆ ಬಂದ ಪಂಪ್ ಎಲ್ಲಿ ಹೋಯಿತು? ಯಾರ ಗಾಡಿಗೆ ಹಾಕಿದಿರಿ? ಈ ಪ್ರಶ್ನೆಯನ್ನು ಮೂರು ಸಲ ಕೇಳಿದೆ. ಮೂರು ಸಲವೂ ನೀರಿನ ಲೋಟವನ್ನೇ ನನ್ನ ಕಡೆ ಸರಿಸಿದರು.

ಕಂಪನಿಯ ಗ್ರಾಹಕ ಸೇವೆಗೆ ಕರೆ ಮಾಡಿದರೆ ಒಬ್ಬ ಹೆಣ್ಣುಮಗಳು ಬಹಳ ಮೃದುವಾಗಿ, "ನಮ್ಮ ದಾಖಲೆಯ ಪ್ರಕಾರ ನಿಮ್ಮ ವಾಹನದ ದುರಸ್ತಿ ಪೂರ್ಣಗೊಂಡಿದೆ. ಬೇರೆ ಏನಾದರೂ ಸಹಾಯ ಬೇಕೇ?" ಎಂದರು. ಇ-ಮೇಲ್‌ಗೂ ಅದೇ ಉತ್ತರ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ, ಅಲ್ಲಿಗೂ ಕಂಪನಿ ಅದೇ ವಾಕ್ಯ ಕಳುಹಿಸಿತು. ಧೂಳು ಒಂದು ಹೇಳುತ್ತದೆ, ಕಂಪ್ಯೂಟರ್ ಇನ್ನೊಂದು ಹೇಳುತ್ತದೆ, ಎಲ್ಲರೂ ಕಂಪ್ಯೂಟರ್ ಮಾತನ್ನೇ ನಂಬುತ್ತಾರೆ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಮಾಡಿ 110ಎ ಕಲಂ ಸೇರಿಸಿದರು. ಜೀವಕ್ಕೆ ಅಪಾಯ ತರುವ ದೋಷವಿದ್ದರೆ ವಾಹನಗಳನ್ನು ವಾಪಸ್ ಕರೆಸಿ ಸರಿಪಡಿಸಿ ಎಂದು ಕೇಂದ್ರ ಸರ್ಕಾರ ಕಂಪನಿಗೆ ಆದೇಶಿಸಬಹುದು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ. ನನ್ನದು 2019ರ ಗಾಡಿ ಎಂದು ಮೇಲೆ ಬರೆದಿದ್ದೇನೆ. ಅವರು ಆರ್ಡರ್ ಹಾಕಿದ್ದೇವೆ ಎಂದು ತಳ್ಳಿದ ಒಂದೊಂದು ತಿಂಗಳೂ ನನ್ನ ಲೆಕ್ಕದಿಂದಲೇ ಕಳೆದಿದೆ.

ರೀಕಾಲ್ ಕೆಲಸಕ್ಕೆ ಹೋಗುವವರು ಇಷ್ಟು ಮಾಡಿ. ಚಾಸಿಸ್ ನಂಬರನ್ನು ನೀವೇ ಹಾಕಿ ನೋಡಿ, ಸರ್ವಿಸ್‌ನವರು ಹೇಳುತ್ತಾರೆಂದು ಕಾಯಬೇಡಿ. ಪಾರ್ಟ್ ಇಲ್ಲ ಎಂದರೆ ಇ-ಮೇಲ್‌ನಲ್ಲಿ ಬರೆಸಿಕೊಳ್ಳಿ. ಗಾಡಿ ಬಿಡುವ ಮೊದಲು ಸೀಟು ಎತ್ತಿ ಫೋಟೊ ತೆಗೆಯಿರಿ, ವಾಪಸ್ ಪಡೆಯುವಾಗ ಮತ್ತೆ ಎತ್ತಿ ನೋಡಿ. ತೆಗೆದ ಪಾರ್ಟನ್ನು ಕಣ್ಣಾರೆ ನೋಡಿ. ಒಟಿಪಿ ಸಂದೇಶವನ್ನು ಕೊನೆಯವರೆಗೆ ಓದಿಸಿಕೊಂಡು ಆಮೇಲೆ ಹೇಳಿ. ನನ್ನ ಸಂದೇಶದಲ್ಲಿ ರೀಕಾಲ್ ಕೆಲಸ ಮುಗಿದಿದೆ ಎಂದು ದೃಢೀಕರಿಸಲು ಎಂದೇ ಇತ್ತು, ಮನೆಗೆ ಬಂದ ಮೇಲೆ ಓದಿಸಿ ತಿಳಿದುಕೊಂಡೆ. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ವಾಹನ ರೀಕಾಲ್ ದೂರು ದಾಖಲಿಸುವ ವಿಭಾಗವಿದೆ, ಅಲ್ಲಿಯೂ ಬರೆಯಿರಿ. ಒಬ್ಬನೇ ಬರೆದರೆ ಕೇಳುವವರಿಲ್ಲ.

ಗಾಡಿ ಈಗ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತಿದೆ. ಮಗಳನ್ನು ಅದರಲ್ಲಿ ಕೂರಿಸುವುದಿಲ್ಲ. ಮುಚ್ಚಳದ ಧೂಳನ್ನು ಒರೆಸಿಲ್ಲ, ಒರೆಸುವುದೂ ಇಲ್ಲ. ಸೋಮವಾರ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಹಾಕುತ್ತಿದ್ದೇನೆ. ನಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಸರ್ವಿಸ್ ಸೆಂಟರ್‌ನ ಹೆಸರನ್ನು ಇಲ್ಲಿ ಬರೆದಿಲ್ಲ, ಅದನ್ನು ಅಲ್ಲಿಯೇ ಹೇಳುತ್ತೇನೆ. ಇದೇ ಪಂಪ್‌ನ ರೀಕಾಲ್ ನಿಮ್ಮ ಗಾಡಿಗೂ ಬಂದು, ಆಗಿದೆ ಎಂದು ಹೇಳಿಸಿಕೊಂಡು ಬಂದಿದ್ದರೆ ಇವತ್ತೇ ಸೀಟು ಎತ್ತಿ ನೋಡಿ. ಮುಚ್ಚಳದ ಮೇಲೆ ಧೂಳು ಹಾಗೆಯೇ ಇದ್ದರೆ ಮುಟ್ಟಬೇಡಿ, ಫೋಟೊ ತೆಗೆದು, ಜಾಬ್ ಕಾರ್ಡ್ ಹಿಡಿದುಕೊಂಡು ಸೋಮವಾರದೊಳಗೆ ನನ್ನ ಅಂಗಡಿಗೆ ಬನ್ನಿ.