ನೆತ್ತಿ ಬಿಸಿಲಲ್ಲಿ ಮರಿಗೆ ಮೀನು ಕೊಡುವ ರಿವರ್ ಟರ್ನ್: ಮೂರು ಎಕ್ಸ್‌ಪೋಶರ್ ವಿಧಾನಗಳ ಹೋಲಿಕೆ

ಭದ್ರಾ ಹಿನ್ನೀರು ಇಳಿದಂತೆ ಲಕ್ಕವಳ್ಳಿಯ ಕಡೆ ನಡುಗಡ್ಡೆಗಳು ಮೇಲೇಳುತ್ತವೆ. ರಿವರ್ ಟರ್ನ್ ಎಂಬ ಮೀನು ಹಿಡಿಯುವ ನೀರುಹಕ್ಕಿಗಳು ಅಲ್ಲಿ ಬರೀ ನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಮರಿಗೆ ಮೀನು ತಂದುಕೊಡುವ ಕಾಲವೂ ಕಡು ಬೇಸಿಗೆಯೂ ಒಟ್ಟಿಗೇ ಬರುತ್ತವೆ. ಏಪ್ರಿಲ್ ಕೊನೆಯ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಹಕ್ಕಿಯ ಕೊರಳು ಬಿಳಿ, ತಲೆ ಅಚ್ಚ ಕಪ್ಪು, ಕಣ್ಣು ಆ ಕಪ್ಪಿನಲ್ಲೇ ಹುದುಗಿರುತ್ತದೆ. ದೋಣಿಯಿಂದ 600 ಎಂಎಂ ಲೆನ್ಸಿನಲ್ಲಿ ಎಕ್ಸ್‌ಪೋಶರ್ (ಚಿತ್ರಕ್ಕೆ ಸಿಗುವ ಬೆಳಕು) ಹೊಂದಿಸುವ ಮೂರು ವಿಧಾನಗಳನ್ನೂ ಹಚ್ಚಿ ನೋಡಿದ್ದರ ಫಲ ಇದು.

ಲೆನ್ಸಿನ ಕಂಡಿಯನ್ನು ನಾವು ಆಯ್ದು ಶಟರ್ ವೇಗವನ್ನು ಕ್ಯಾಮೆರಾಕ್ಕೆ ಬಿಡುವ ಅಪರ್ಚರ್ ಪ್ರಯಾರಿಟಿ ಇಲ್ಲಿ ಕೈಕೊಡುತ್ತದೆ. ಮೀನು ಕಚ್ಚಿಕೊಂಡ ಹಕ್ಕಿ ಆಕಾಶದಿಂದ ಇಳಿದು, ಕಪ್ಪು ನೀರಿನ ಮೇಲೆ ಹಾದು, ಮಣ್ಣಿನ ದಿಬ್ಬಕ್ಕೆ ಬರುವುದು ಎರಡು ಮೂರು ಸೆಕೆಂಡಿನ ಮಾತು. ಆಕಾಶ ಹಿಂದಿದ್ದಾಗ ಹಕ್ಕಿ ಕಪ್ಪಾಗುತ್ತದೆ. ನೀರು ಹಿಂದೆ ಬಂದಕೂಡಲೇ ಕ್ಯಾಮೆರಾ ಬೆಳಕು ಏರಿಸಿ ಬಿಳಿಯನ್ನು ವಿವರ ಉಳಿಯದಂತೆ ಸುಟ್ಟುಬಿಡುತ್ತದೆ. ಸರಿದೂಗಿಸಲು ನೀರಿಗೆ −1, ಆಕಾಶಕ್ಕೆ +0.7 ಸ್ಟಾಪ್ ಬೇಕು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ). ಅಷ್ಟರೊಳಗೆ ಡಯಲ್ ತಿರುಗಿಸಲು ಯಾರಿಂದಲೂ ಆಗದು.

ಅಪರ್ಚರ್, ಶಟರ್ ಎರಡನ್ನೂ ನಾವೇ ಇಡುವ ಮ್ಯಾನ್ಯುವಲ್ ಜೊತೆ ಆಟೋ ಐಎಸ್‌ಒ (ಬೆಳಕಿನ ಸಂವೇದನೆಯನ್ನು ಕ್ಯಾಮೆರಾವೇ ಬದಲಿಸುವುದು) ಇಟ್ಟರೆ ಶಟರ್ ಕೈಯಲ್ಲಿರುತ್ತದೆ, ಬೆಳಕು ಅಳೆಯುವ ಮೀಟರ್ ಮೋಸ ಹೋಗುವುದು ಮಾತ್ರ ಹಾಗೇ ಉಳಿಯುತ್ತದೆ. ಹಿನ್ನೆಲೆ ಬದಲಾದಂತೆ ಐಎಸ್‌ಒ ಕುಣಿಯುತ್ತದೆ.

ಬಿಸಿಲು ನಿಚ್ಚಳವಾಗಿದ್ದರೆ ಐಎಸ್‌ಒವನ್ನೂ ನಾವೇ ಇಡುವ ಪೂರ್ತಿ ಮ್ಯಾನ್ಯುವಲ್‌ಗೇ ನಮ್ಮ ಮತ. ಹಿನ್ನೆಲೆ ಎಷ್ಟೇ ಬದಲಾಗಲಿ, ಹಕ್ಕಿಯ ಮೇಲೆ ಬೀಳುವ ಬಿಸಿಲು ಒಂದೇ. ಐಎಸ್‌ಒ 400, ಎಫ್/6.3, 1/3200ರಿಂದ ಶುರು ಮಾಡಿ. ಕೂತಿರುವ ದೊಡ್ಡ ಹಕ್ಕಿಯ ಬಿಸಿಲು ಬಿದ್ದ ಬಿಳಿ ಭಾಗದ ಒಂದು ಫೋಟೊ ತೆಗೆದು ಹೈಲೈಟ್ ಎಚ್ಚರಿಕೆ (ಸುಟ್ಟ ಬಿಳಿ ಪರದೆಯಲ್ಲಿ ಮಿನುಗುವುದು) ನೋಡಿ. ಮಿನುಗುವವರೆಗೆ ಎಕ್ಸ್‌ಪೋಶರ್ ಏರಿಸಿ, ಮಿನುಗಿದ ಮೇಲೆ ಮೂರನೇ ಒಂದು ಸ್ಟಾಪ್ ಇಳಿಸಿ, ಅಲ್ಲೇ ಬಿಡಿ. ಹೊಟ್ಟೆಯ ನೆರಳು, ಕಪ್ಪು ತಲೆಯೊಳಗಿನ ಕಣ್ಣು ಕತ್ತಲಾಗಿ ಕಾಣುತ್ತವೆ. ಸಂಸ್ಕರಿಸದ ರಾ ಫೈಲಿನಲ್ಲಿ ಅವನ್ನು ಎತ್ತಬಹುದು, ಸುಟ್ಟ ಬಿಳಿಯನ್ನು ತರಲಾಗದು. ಇದರ ದೋಷವೂ ಒಂದಿದೆ. ಮೇ ತಿಂಗಳಲ್ಲಿ ಮೋಡ ಅಡ್ಡ ಬಂದರೆ ಎರಡು ಸ್ಟಾಪ್ ಬೆಳಕು ಒಮ್ಮೆಲೇ ಕುಸಿಯುತ್ತದೆ, ಗಮನಿಸದಿದ್ದರೆ ಇಡೀ ಸರಣಿ ಕಪ್ಪು. ಅಂಥ ದಿನಕ್ಕೆ ಆಟೋ ಐಎಸ್‌ಒ, −0.7ರ ಸೆಟ್ಟಿಂಗನ್ನು ನಮ್ಮದೇ ಸೆಟ್ಟಿಂಗ್ ಇಡುವ ಸಿ2 ಮೋಡಿನಲ್ಲಿ ಉಳಿಸಿಟ್ಟುಕೊಳ್ಳಿ. ಆಟೋ ಐಎಸ್‌ಒ ನಿಜಕ್ಕೂ ಗೆಲ್ಲುವುದು ಅಲ್ಲಿ ಮಾತ್ರ.

ಫೋಕಸ್ ವಿಷಯದಲ್ಲಿ ಹಾರುವ ಹಕ್ಕಿಗೆ ಝೋನ್ (ಹಲವು ಫೋಕಸ್ ಬಿಂದುಗಳ ಗುಂಪು) ಸರಿ. ತಿನ್ನಿಸುವ ಕ್ಷಣಕ್ಕೆ ಮಾತ್ರ ಸಿಂಗಲ್ ಪಾಯಿಂಟನ್ನು ಮರಿಯ ಮೇಲೆ ಮೊದಲೇ ಇಟ್ಟು ಕಾಯುವುದೇ ಒಳ್ಳೆಯದು. ಝೋನ್ ಇಟ್ಟರೆ ಇಳಿಯುವ ಹಕ್ಕಿಯ ಹರಡಿದ ರೆಕ್ಕೆಯ ತುದಿಯನ್ನು ಕ್ಯಾಮೆರಾ ಹಿಡಿದುಬಿಡುತ್ತದೆ. ಫುಲ್ ಫ್ರೇಮಿನಲ್ಲಿ 20 ಮೀಟರ್ ದೂರಕ್ಕೆ, ಎಫ್/8ರಲ್ಲಿ ಶಾರ್ಪ್ ಆಗಿ ಸಿಗುವ ಆಳ ಸುಮಾರು ಅರ್ಧ ಮೀಟರ್. ಹಕ್ಕಿಯ ಉದ್ದವೇ 40 ಸೆಂಟಿಮೀಟರಿನಷ್ಟು. ಹಾಗಾಗಿ ತಾಯಿ, ಮರಿ ಎರಡೂ ಅಡ್ಡಲಾಗಿ ನಿಂತಿದ್ದರೆ ಮಾತ್ರ ಎರಡೂ ಶಾರ್ಪ್. ಎಫ್/8ಕ್ಕೆ ಹೋದಾಗ ಐಎಸ್‌ಒ 640 ಮಾಡಿಕೊಳ್ಳಿ.

ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರ್ ಬೇಡ. ಒಂದೂವರೆ ಸ್ಟಾಪ್ ಬೆಳಕು ತಿನ್ನುತ್ತದೆ, ದೋಣಿ ತಿರುಗಿದಂತೆಲ್ಲ ಪರಿಣಾಮ ಬದಲಾಗುತ್ತದೆ. ಗೂಡಿನ ಬಳಿ ಫ್ಲ್ಯಾಶ್ ಬಳಸಲೇಬಾರದು.

ಹತ್ತು ಗಂಟೆಯ ಮೇಲೆ ಕಾದ ನೆಲದ ಝಳ ಎಲ್ಲ ಲೆಕ್ಕವನ್ನೂ ಕೆಡಿಸುತ್ತದೆ. ಗರಿಯ ಅಂಚು ನೀರಿನಲ್ಲಿ ಅಲುಗಿದಂತೆ ಕಂಡರೆ ಅದು ಲೆನ್ಸಿನ ದೋಷವಲ್ಲ, ಶಟರ್ ಏರಿಸಿದರೂ ಹೋಗದು. ಹತ್ತಿರ ಹೋಗಿ ಝಳ ತಪ್ಪಿಸುತ್ತೇವೆಂದು ದೋಣಿಯನ್ನು ನೂಕಿಸಬೇಡಿ. ಆ ಹೊತ್ತಿನಲ್ಲಿ ದೊಡ್ಡ ಹಕ್ಕಿ ಮರಿಯ ಮೇಲೆ ನಿಂತು ನೆರಳು ಕೊಡುತ್ತಿರುತ್ತದೆ. ಅದು ಎದ್ದರೆ ಮರಿ ಬಿಸಿಲಿಗೆ ಸಿಕ್ಕಿತು, ಹದ್ದು ಕಾಗೆಗೂ ಕಂಡಿತು. ಮೀನು ಹಿಡಿದ ಹಕ್ಕಿ ಇಳಿಯದೆ ಮೇಲೇ ಸುತ್ತುತ್ತಿದ್ದರೆ ದೋಣಿ ಆಗಲೇ ತೀರಾ ಹತ್ತಿರ ಬಂದಿದೆ. ಅದು ಇಳಿದು ಮೀನು ಕೊಡುವಷ್ಟು ದೂರಕ್ಕೆ ಹಿಂದೆ ಸರಿಸಿ.